ಆರು ಗಂಟೆಯ ಸಭೆ, ಜೇಬಿನಲ್ಲೇ ಉಳಿದ ಪತ್ರ: ಒಂದು ತಂಡದ ಆಯ್ಕೆಯ ಪ್ರಕರಣ ಅಧ್ಯಯನ

"ನಾವು ನೋಡಿದ್ದು ಆಟ ಮಾತ್ರ." ಆಯ್ಕೆ ಸಮಿತಿಯಲ್ಲಿ ಒಮ್ಮೆಯಾದರೂ ಕೂತವರು ಈ ಮಾತನ್ನು ಕೇಳಿರುತ್ತಾರೆ, ಇಲ್ಲವೇ ತಾವೇ ಆಡಿರುತ್ತಾರೆ. ಕಾಲೇಜು ತಂಡವಿರಲಿ, ತಾಲ್ಲೂಕು ತಂಡವಿರಲಿ, ಪಟ್ಟಿ ಹೊರಬಿದ್ದ ಮೇಲೆ ಯಾರಾದರೂ ಬಂದು "ಅವನನ್ನು ಯಾಕೆ ಬಿಟ್ರಿ?" ಎಂದರೆ ಸಿಗುವ ಉತ್ತರ ಇದೇ. 1968ರ ಆಗಸ್ಟ್‌ನಲ್ಲಿ ಲಂಡನ್‌ನ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ಕ್ರಿಕೆಟ್ ತಂಡ ಆರಿಸಲು ಹತ್ತಿರ ಹತ್ತು ಜನ ಕೂತು ಇದನ್ನೇ ಹೇಳಿದರು. ಅವರು ಬಿಟ್ಟಿದ್ದು ಕೆಲವೇ ದಿನ ಮುಂಚೆ ಆಸ್ಟ್ರೇಲಿಯಾ ವಿರುದ್ಧ 158 ರನ್ ಹೊಡೆದ ಆಟಗಾರನನ್ನು. ಆ ತಂಡ ಹೋಗಬೇಕಿದ್ದುದು ದಕ್ಷಿಣ ಆಫ್ರಿಕಾಕ್ಕೆ. ಆ ಆಟಗಾರ ಹುಟ್ಟಿದ್ದೂ ಅಲ್ಲೇ, ಆದರೆ ಬಿಳಿಯರಾಗಿ ಅಲ್ಲ.

ಆಟಗಾರ, ಆಯ್ಕೆಗಾರರು, ಮಧ್ಯೆ ಓಡಾಡಿದವರು, ಇವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹಳೇ ಕ್ರಿಕೆಟ್ ಬಲ್ಲವರಿಗೆ ಯಾರ ಕಥೆ ಎಂದು ಆಗಲೇ ಹೊಳೆದಿರುತ್ತದೆ, ಅದೇನೂ ಗುಟ್ಟಲ್ಲ. ಆದರೆ ಹೆಸರು ಬಂದ ಕೂಡಲೇ ನಾವು ಒಬ್ಬರಿಗೆ ಕೈ ಮುಗಿದು ಇನ್ನೊಬ್ಬರನ್ನು ಬೈಯಲು ಶುರು ಮಾಡುತ್ತೇವೆ. ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸರ್ಕಾರ ನಡೆಸಿದವರ ಹೆಸರು ಮಾತ್ರ ಇಟ್ಟಿದ್ದೇನೆ. ಅವರನ್ನು ಮರೆಮಾಡುವುದರಲ್ಲಿ ಅರ್ಥವಿಲ್ಲ.

ಹಿನ್ನೆಲೆ: ಗುಡ್ಡದ ಬುಡದ ಮ್ಯಾಟ್ ಪಿಚ್

ಆಟಗಾರ ಬೆಳೆದದ್ದು ಕೇಪ್ ಟೌನಿನ ಸಿಗ್ನಲ್ ಹಿಲ್ ಬುಡದಲ್ಲಿ, ಬೋ-ಕಾಪ್ ಕಡೆ. ಸರ್ಕಾರದ ಲೆಕ್ಕದಲ್ಲಿ ಅವರು 'ಕಲರ್ಡ್'. ಅಂದರೆ ಬಿಳಿಯರೂ ಅಲ್ಲ, ಕಪ್ಪು ಆಫ್ರಿಕನ್ನರೂ ಅಲ್ಲ. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬರಿಗೂ ಇಂಥ ಒಂದು ಚೀಟಿ ಅಂಟಿಸಿತು. ಅದೇ ವರ್ಷದ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಚೀಟಿಯವರು ಯಾವ ಬೀದಿಯಲ್ಲಿ ಇರಬೇಕು ಎಂದು ಗೀಟು ಎಳೆಯಿತು. 1956ರಲ್ಲಿ ಕೇಪ್‌ನ ಕಲರ್ಡ್ ಜನರನ್ನು ಸಾಮಾನ್ಯ ಮತದಾರರ ಪಟ್ಟಿಯಿಂದ ತೆಗೆದರು. ಅದೇ ವರ್ಷ ಒಳಾಡಳಿತ ಸಚಿವರು ಆಟದ ಬಗ್ಗೆಯೂ ಸರ್ಕಾರದ ನೀತಿ ಹೇಳಿದರು: ಬಿಳಿಯರು ಬೇರೆ ಆಡಲಿ, ಉಳಿದವರು ಬೇರೆ ಆಡಲಿ.

ಕ್ರಿಕೆಟ್ ಅದಕ್ಕೂ ಮುಂಚೆಯೇ ಚೂರುಚೂರಾಗಿತ್ತು. ಭಾರತೀಯರ ಮಂಡಳಿ ಒಂದು, ಮಲಯ್ ಮುಸ್ಲಿಮರದು ಒಂದು, ಕಲರ್ಡ್ ಜನರದು ಒಂದು, ಆಫ್ರಿಕನ್ನರದು ಇನ್ನೊಂದು. 1940ರ ದಶಕದ ಕೊನೆಗೆ ಇವನ್ನೆಲ್ಲ ಒಂದು ಒಕ್ಕೂಟದಡಿ ತಂದರು. ಆಮೇಲೂ ಹಲವು ವರ್ಷ ಪಂದ್ಯ ನಡೆದದ್ದು ಜನಾಂಗವಾರು ತಂಡಗಳ ನಡುವೆ. ನಾವು ಇದನ್ನು ಓದಿ ಮೂಗಿನ ಮೇಲೆ ಬೆರಳಿಡಬೇಕಿಲ್ಲ. ಬೊಂಬಾಯಿಯಲ್ಲಿ 1946ರವರೆಗೂ ಹಿಂದೂ, ಮುಸ್ಲಿಂ, ಪಾರ್ಸಿ, ಯೂರೋಪಿಯನ್ ಎಂದು ತಂಡ ಕಟ್ಟಿಯೇ ದೊಡ್ಡ ಟೂರ್ನಿ ನಡೆಯುತ್ತಿತ್ತು. ಧಾರವಾಡದಲ್ಲಿ ಹುಟ್ಟಿದ ಪಳವಂಕರ್ ಬಾಲೂ ಆ ಹಿಂದೂ ತಂಡದ ದೊಡ್ಡ ಬೌಲರ್. ಚಮ್ಮಾರ ಜಾತಿಯವರೆಂಬ ಕಾರಣಕ್ಕೆ ನಾಯಕತ್ವ ಮಾತ್ರ ಅವರಿಗೆ ದಕ್ಕಲಿಲ್ಲ. ಅದು ಬೇರೆಯದೇ ಪ್ರಕರಣ, ಇಲ್ಲಿ ಬೇಡ.

ಕೇಪ್‌ನ ಹುಡುಗ ಆಡಿದ್ದು ಕಲ್ಲು ಹೆಕ್ಕಿ, ಮ್ಯಾಟ್ ಹಾಸಿದ ನೆಲದ ಮೇಲೆ. ಹೊಟ್ಟೆಪಾಡಿಗೆ ಮುದ್ರಣಾಲಯದಲ್ಲಿ ಕೆಲಸ. ಕೇಪ್ ಟೌನಿನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಟೆಸ್ಟ್ ನಡೆದಾಗ ಬಿಳಿಯರಲ್ಲದವರಿಗೆಂದು ಗೊತ್ತುಮಾಡಿದ ಜಾಗದಲ್ಲಿ ಕೂತು ನೋಡಬೇಕು. ಅಲ್ಲಿ ಕೂತ ಜನ ಕೈತಟ್ಟುತ್ತಿದ್ದುದು ಬೇರೆ ದೇಶದಿಂದ ಬಂದ ತಂಡಕ್ಕೆ. ತಮ್ಮದೇ ದೇಶದ ಹನ್ನೊಂದು ಜನ ತಮ್ಮವರಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬಿಳಿಯರಲ್ಲದವರ ದಕ್ಷಿಣ ಆಫ್ರಿಕಾ ತಂಡಕ್ಕೆ ಅವರೇ ನಾಯಕ. 1958ರಲ್ಲಿ ಪೂರ್ವ ಆಫ್ರಿಕಾಕ್ಕೆ ಹೋಗಿ ಗೆದ್ದು ಬಂದರು. ಮಾರನೇ ವರ್ಷ ಫ್ರಾಂಕ್ ವೊರೆಲ್ ನೇತೃತ್ವದ ವೆಸ್ಟ್ ಇಂಡೀಸ್ ತಂಡವೊಂದು ಇವರ ಜೊತೆ ಆಡಲು ಬರಬೇಕಿತ್ತು. ಕೊನೆಗೆ ಆ ಪ್ರವಾಸ ನಡೆಯಲಿಲ್ಲ. ನಿಲ್ಲಿಸಿದ್ದು ಸರ್ಕಾರವಲ್ಲ. ವರ್ಣಭೇದದ ವಿರುದ್ಧ ಹೋರಾಡುತ್ತಿದ್ದವರೇ ಬೇಡವೆಂದರು. ಬೇರೆಬೇರೆಯಾಗಿಯೇ ಆಡುವ ವ್ಯವಸ್ಥೆಗೆ ನಾವೇ ಒಪ್ಪಿಗೆಯ ಮುದ್ರೆ ಒತ್ತಿದಂತಾಗುತ್ತದೆ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು. ಆದರೆ ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ಬ್ಯಾಟ್ಸ್‌ಮನ್‌ಗೆ ಅದು ಕಟ್ಟಕಡೆಯ ಬಾಗಿಲು ಮುಚ್ಚಿದ ಹಾಗೆ. ಈ ಪ್ರಕರಣದಲ್ಲಿ ಒಳ್ಳೆಯವರ ನಿರ್ಧಾರಗಳ ಬೆಲೆಯನ್ನೂ ಅವರೇ ತೆತ್ತರು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಅಷ್ಟರಲ್ಲಾಗಲೇ ಅವರು ಇಂಗ್ಲೆಂಡಿನ ಒಬ್ಬ ರೇಡಿಯೊ ವೀಕ್ಷಕ ವಿವರಣೆಗಾರರಿಗೆ ಹಸಿರು ಶಾಯಿಯಲ್ಲಿ ಕಾಗದ ಬರೆದಿದ್ದರು: ನನಗೆ ಅಲ್ಲಿ ಎಲ್ಲಾದರೂ ಆಡಲು ಜಾಗ ಸಿಗುತ್ತದೆಯೇ? ಬಹಳ ಕಾಲ ಏನೂ ಆಗಲಿಲ್ಲ. 1960ಕ್ಕೆ ಲ್ಯಾಂಕಾಷೈರ್‌ನ ಒಂದು ಲೀಗ್ ಕ್ಲಬ್ ಒಂದು ಸೀಸನ್‌ಗೆ 450 ಪೌಂಡ್ ಕೊಡಲು ಒಪ್ಪಿತು. ಓಡಾಟದ ಖರ್ಚು ಅವರದೇ. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ನೆರೆಹೊರೆಯವರು, ಕ್ಲಬ್ಬಿನವರು ಚಂದಾ ಎತ್ತಿದರು, ಸಹಾಯಾರ್ಥ ಪಂದ್ಯ ಆಡಿದರು. ಆ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಸತ್ತರು. ಅದಾದ ಕೆಲವೇ ದಿನಕ್ಕೆ, ಹೊಸದಾಗಿ ಮದುವೆಯಾಗಿದ್ದ ಬಸುರಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಅವರು ವಿಮಾನ ಹತ್ತಿದರು.

ಇಂಗ್ಲೆಂಡಿನ ಮುಂದಿನ ಆರು ವರ್ಷವನ್ನು ಬೇಗ ಹೇಳಿಬಿಡುತ್ತೇನೆ. ಮೊದಲು ತಡಕಾಡಿದರು. ಒದ್ದೆ ಪಿಚ್, ಚಳಿ, ಹೋಟೆಲಿಗೆ ಬಿಳಿಯರ ಬಾಗಿಲಿಂದಲೇ ಹೋಗಬಹುದು ಎಂಬ ಗಾಬರಿ. ಆಮೇಲೆ ನಿಂತರು. ಆ ಸೀಸನ್ ಮುಗಿಯುವ ಹೊತ್ತಿಗೆ ಲೀಗ್‌ನ ಬ್ಯಾಟಿಂಗ್ ಸರಾಸರಿಯಲ್ಲಿ ವೆಸ್ಟ್ ಇಂಡೀಸ್‌ನ ಗ್ಯಾರಿ ಸೋಬರ್ಸ್‌ಗಿಂತ ಮೇಲಿದ್ದರು. ನಂತರ ಒಂದು ಕೌಂಟಿ ತಂಡ, ಬ್ರಿಟಿಷ್ ಪೌರತ್ವ, 1966ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್. 1967ರಲ್ಲಿ ಹೆಡಿಂಗ್ಲಿಯಲ್ಲಿ ಮೊದಲ ಟೆಸ್ಟ್ ಶತಕ, 109. ಎದುರಿಗಿದ್ದುದು ಭಾರತ. ಬೌಲ್ ಮಾಡಿದವರಲ್ಲಿ ನಮ್ಮ ಪ್ರಸನ್ನ, ಚಂದ್ರಶೇಖರ್ ಇಬ್ಬರೂ ಇದ್ದರು.

ಸಮಸ್ಯೆ: ಒಂದು ಒಳ್ಳೆಯ ಮಾತು, ಅದರೊಳಗಿನ ತೂತು

1968-69ರ ಚಳಿಗಾಲದಲ್ಲಿ ಎಂಸಿಸಿ (ಲಾರ್ಡ್ಸ್‌ನ ಮ್ಯಾರಿಲೆಬೋನ್ ಕ್ರಿಕೆಟ್ ಕ್ಲಬ್) ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕಿತ್ತು. ಆ ಕಾಲದಲ್ಲಿ ಇಂಗ್ಲೆಂಡ್ ತಂಡ ಹೊರದೇಶಕ್ಕೆ ಹೋಗುತ್ತಿದ್ದುದು ಎಂಸಿಸಿ ಹೆಸರಲ್ಲೇ. 1967ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಒಳಾಡಳಿತ ಸಚಿವ ಲ ರೂ ಬಾಯಿ ಬಿಟ್ಟರು: ಬೆರಕೆ ತಂಡವನ್ನು ಇಲ್ಲಿ ಆಡಲು ಬಿಡುವುದಿಲ್ಲ. ಬ್ರಿಟನ್‌ನ ಕ್ರೀಡಾ ಸಚಿವ ಡೆನಿಸ್ ಹೋವೆಲ್ ಪಾರ್ಲಿಮೆಂಟಿನಲ್ಲಿ ಉತ್ತರ ಕೊಟ್ಟರು: ತಂಡವನ್ನು ಯೋಗ್ಯತೆ ನೋಡಿಯೇ ಆರಿಸುತ್ತೇವೆ, ಆರಿಸಿದವರಲ್ಲಿ ಯಾರನ್ನಾದರೂ ಬೇಡವೆಂದರೆ ಪ್ರವಾಸವನ್ನೇ ಕೈಬಿಡುತ್ತೇವೆ ಎಂದು ಎಂಸಿಸಿ ತಿಳಿಸಿದೆ.

ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ಆದರೆ ಈ ಮಾತಿನ ರಚನೆಯನ್ನು ಒಮ್ಮೆ ನೋಡಿ. 'ಆರಿಸಿದವರನ್ನು ಬೇಡವೆಂದರೆ' ಪ್ರವಾಸ ರದ್ದು. ಆರಿಸದೇ ಹೋದರೆ? ಆಗ ಬೇಡ ಎನ್ನುವ ಪ್ರಶ್ನೆಯೇ ಬರುವುದಿಲ್ಲ, ಕೊಟ್ಟ ಮಾತೂ ಮುರಿಯುವುದಿಲ್ಲ, ಪ್ರವಾಸವೂ ನಡೆಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಇದಕ್ಕಿಂತ ಸಲೀಸಾದ ದಾರಿ ಬೇಕಿರಲಿಲ್ಲ. ಇಷ್ಟು ಕಾಲ ಈ ಪ್ರಕರಣವನ್ನು ಓದಿದ ಮೇಲೆ ನನಗನ್ನಿಸುವುದು ಇದು: ಒತ್ತಡವೆಲ್ಲ ಒಬ್ಬ ಮನುಷ್ಯನ ಹೆಗಲ ಮೇಲೆ ಬಂದು ಬಿದ್ದದ್ದು ಆ ಒಳ್ಳೆಯ ಮಾತಿನಿಂದಲೇ. ಇಡೀ ಪ್ರವಾಸದ ಗತಿ ಅವರ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದಕ್ಕೆ ಗಂಟು ಬಿತ್ತು.

ಆ ಕಡೆ ಪ್ರಧಾನಿ ಫೋರ್ಸ್ಟರ್‌ಗೂ ಇಕ್ಕಟ್ಟಿತ್ತು. ಆಟದಲ್ಲಿ ಪೂರ್ತಿ ಒಂಟಿಯಾಗುವುದು ಅವರಿಗೂ ಬೇಡ. 1967ರ ಏಪ್ರಿಲ್‌ನಲ್ಲಿ ಸ್ವಲ್ಪ ಸಡಿಲ ಮಾತಾಡಿದರು: ಹಿಂದಿನಿಂದಲೂ ಪ್ರವಾಸ ಬರುತ್ತಿರುವ ದೇಶಗಳು ಬೆರಕೆ ತಂಡ ತಂದರೆ ನೋಡೋಣ ಎಂಬ ಧಾಟಿ. ಕಣ್ಣಿದ್ದುದು ನ್ಯೂಜಿಲೆಂಡ್ ರಗ್ಬಿ ತಂಡದ ಮಾವೊರಿ (ಅಲ್ಲಿನ ಮೂಲನಿವಾಸಿ) ಆಟಗಾರರ ಮೇಲೆ. ಅಷ್ಟಕ್ಕೇ ಅವರ ನ್ಯಾಷನಲ್ ಪಕ್ಷದ ಕಟ್ಟರ್ ಬಣ ಕೆರಳಿತು. ಆ ಬಣ 1969ರಲ್ಲಿ ಹೊರನಡೆದು ಬೇರೆ ಪಕ್ಷವನ್ನೇ ಕಟ್ಟಿತು, ಮಾವೊರಿಗಳ ವಿಷಯವೇ ಜಗಳದ ಮುಖ್ಯ ಕಾರಣ. ಹಾಗಾಗಿ ಫೋರ್ಸ್ಟರ್‌ಗೆ ಬೇಕಿದ್ದುದು ಒಂದೇ. ತಾವು 'ಇಲ್ಲ' ಎನ್ನುವ ಸಂದರ್ಭ ಬರಬಾರದು, ಆ ಕಲರ್ಡ್ ಆಟಗಾರನೂ ಬರಬಾರದು. ಮೊದಲ ಮಗ್ಗುಲಲ್ಲಿ ಲಂಡನ್, ಎರಡನೇ ಮಗ್ಗುಲಲ್ಲಿ ಪ್ರಿಟೋರಿಯಾ, ಎರಡಕ್ಕೂ ಒಂದೇ ಉತ್ತರ ಅನುಕೂಲ. ಆ ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಏನೇನು ಪ್ರಯತ್ನ ನಡೆಯಿತು

1968ರ ಜನವರಿಯಲ್ಲಿ ಎಂಸಿಸಿ ನೇರವಾಗಿಯೇ ಕೇಳಿ ಬರೆಯಿತು: ನಾವು ಆರಿಸಿದ ತಂಡವನ್ನು ಹಾಗೇ ಒಪ್ಪುತ್ತೀರಾ? ಇದು ಸರಿಯಾದ ಹೆಜ್ಜೆ. ಉತ್ತರ ಬರುವ ತನಕ ಗಟ್ಟಿಯಾಗಿ ಕೂತಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬ್ರಿಟನ್‌ನ ಮಾಜಿ ಪ್ರಧಾನಿಯೊಬ್ಬರು, ಎಂಸಿಸಿಗೂ ಬೇಕಾದವರು, ಆ ಹೊತ್ತಿಗೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಫೋರ್ಸ್ಟರ್‌ರನ್ನು ಕಂಡು ಬಂದರು. ಈಗಲೇ ಉತ್ತರಕ್ಕಾಗಿ ಒತ್ತಾಯ ಮಾಡಬೇಡಿ, ತಂಡ ಆರಿಸಿದ ಮೇಲೆ ನೋಡಿದರಾಯಿತು ಎಂದು ಸಲಹೆ ಕೊಟ್ಟರು. ಎಂಸಿಸಿ ಒಪ್ಪಿತು. ನನ್ನ ಲೆಕ್ಕದಲ್ಲಿ ಮೊದಲ ತಿರುವು ಇದು. 'ಆಮೇಲೆ ನೋಡೋಣ' ಎಂದಾಗ ಎಲ್ಲರಿಗೂ ಹಾಯೆನಿಸಿತು. ಪ್ರಶ್ನೆ ಮಾತ್ರ ಸರ್ಕಾರಗಳ ಮೇಜಿನಿಂದ ಇಳಿದು ಆಟಗಾರನ ಬ್ಯಾಟಿನ ಮೇಲೆ ಹೋಗಿ ಕೂತಿತು.

ಎರಡನೇ ತಿರುವು ಮಾರ್ಚ್‌ನಲ್ಲಿ. ಎಂಸಿಸಿಯ ಇನ್ನೊಬ್ಬ ಹಿರಿಯರು, ಒಬ್ಬ ಲಾರ್ಡ್, ಫೋರ್ಸ್ಟರ್‌ರನ್ನು ಭೇಟಿ ಮಾಡಿದರು. ಅವರಿಗೆ ಸಿಕ್ಕ ಉತ್ತರದಲ್ಲಿ ಯಾವ ಅನುಮಾನಕ್ಕೂ ಜಾಗವಿರಲಿಲ್ಲ: ಆ ಆಟಗಾರ ಬಂದರೆ ಪ್ರವಾಸವಿಲ್ಲ. ಅವರು ಅದನ್ನು ಅಧಿಕೃತವಾಗಿ ಬರೆಯದೆ ಸಮಿತಿಯ ಒಬ್ಬ ಪರಿಚಿತರಿಗೆ ಖಾಸಗಿ ಪತ್ರದಲ್ಲಿ ತಿಳಿಸಿದರು. ಪತ್ರ ಕಾರ್ಯದರ್ಶಿಯ ಕೈಗೆ ಬಂತು. ಅಲ್ಲಿಂದ ಅಧ್ಯಕ್ಷರು ಮತ್ತು ಖಜಾಂಚಿಗೆ ತಿಳಿಯಿತು. ಅಲ್ಲಿಗೆ ನಿಂತಿತು. ಪೂರ್ಣ ಸಮಿತಿಯ ಮುಂದೆ ಅದನ್ನು ಇಡಲಿಲ್ಲ. ಸಮಿತಿ ಆಗಲೇ ಉತ್ತರಕ್ಕೆ ಕಾಯುವುದಿಲ್ಲ ಎಂದು ನಿರ್ಧರಿಸಿದೆ, ಆಯ್ಕೆಗಾರರ ಮನಸ್ಸು ಕೆಡಿಸುವುದು ಯಾಕೆ ಎಂಬುದು ಆಮೇಲೆ ಕೊಟ್ಟ ವಿವರಣೆ.

ಈ ವಿವರಣೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆಯ್ಕೆಗಾರರು ರಾಜಕೀಯ ಮರೆತು ಆಟ ನೋಡಲಿ ಎಂಬುದು ಒಳ್ಳೆಯ ಆಸೆಯೇ. ಆದರೆ ಪತ್ರ ಓದಿದ ಮೂವರೂ ಆಯ್ಕೆಯ ಕೋಣೆಯಲ್ಲಿ ಕೂರುವವರೇ ಆಗಿದ್ದರಲ್ಲ! ಗೊತ್ತಿಲ್ಲದವರ ಪಕ್ಕದಲ್ಲಿ ಗೊತ್ತಿರುವವರು ಕೂತರೆ ಆ ಕೋಣೆಯಲ್ಲಿ ರಾಜಕೀಯ ಇಲ್ಲದಂತಾಗುವುದಿಲ್ಲ. ಅದು ಇದೆ ಎಂದು ಮೂವರಿಗೆ ಮಾತ್ರ ಗೊತ್ತಿರುತ್ತದೆ, ಅಷ್ಟೆ.

ಇತ್ತ ಆಟಗಾರನ ಮೇಲೆ ಬೇರೆ ಥರದ ಪ್ರಯತ್ನ. ಅವರಿಗೆ ವೆಸ್ಟ್ ಇಂಡೀಸ್ ಪ್ರವಾಸ ಚೆನ್ನಾಗಿ ಹೋಗಿರಲಿಲ್ಲ. ರನ್ ಬಂದಿರಲಿಲ್ಲ, ರಾತ್ರಿ ಪಾರ್ಟಿ ಜಾಸ್ತಿಯಾಯಿತು ಎಂಬ ದೂರೂ ಇತ್ತು. 1968ರ ಜೂನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಓಲ್ಡ್ ಟ್ರಾಫರ್ಡ್‌ನಲ್ಲಿ ಔಟಾಗದೆ 87 ಹೊಡೆದರು. ಇಂಗ್ಲೆಂಡ್ ಸೋತಿತು. ಮುಂದಿನ ಟೆಸ್ಟ್‌ಗೆ ಅವರನ್ನು ಕೈಬಿಟ್ಟರು. ಲಾರ್ಡ್ಸ್‌ನ ಆ ಟೆಸ್ಟ್ ಹೊತ್ತಿಗೇ ಕಾರ್ಯದರ್ಶಿ ಅವರ ಮುಂದೆ ಒಂದು ಸಲಹೆ ಇಟ್ಟರು: ನಾನು ಇಂಗ್ಲೆಂಡ್ ಪರ ಬರುವುದಿಲ್ಲ, ದಕ್ಷಿಣ ಆಫ್ರಿಕಾ ಪರ ಆಡಲು ಸಿದ್ಧ ಎಂದು ಹೇಳಿಬಿಡಿ, ಪ್ರವಾಸ ಉಳಿಯುತ್ತದೆ. ಯಾವ ದೇಶ ಅವರನ್ನು ಮೈದಾನದೊಳಗೇ ಬಿಟ್ಟುಕೊಂಡಿರಲಿಲ್ಲವೋ ಆ ದೇಶದ ಪರ! ಅವರು ಕೋಪದಿಂದಲೇ ಇಲ್ಲವೆಂದರು.

ಆಮೇಲೆ ದುಡ್ಡು ಬಂತು. ಸಿಗರೇಟು ಕಂಪನಿಯ ಒಬ್ಬ ಅಧಿಕಾರಿಯ ಮೂಲಕ: ದಕ್ಷಿಣ ಆಫ್ರಿಕಾದಲ್ಲಿ ಕಲರ್ಡ್ ಹುಡುಗರಿಗೆ ಕೋಚಿಂಗ್ ಕೊಡಿ, ವರ್ಷಕ್ಕೆ 4,000 ಪೌಂಡ್. ಷರತ್ತು ಇಷ್ಟೇ, ತಂಡ ಪ್ರಕಟವಾಗುವ ಮುಂಚೆಯೇ ಪ್ರವಾಸಕ್ಕೆ ನಾನು ಲಭ್ಯನಿಲ್ಲ ಎಂದು ಹೇಳಬೇಕು. ಕೌಂಟಿ ಆಟಗಾರನಿಗೆ ಅದು ಕನಸಿನ ದುಡ್ಡು. ಅವರು ಹೂಂ ಅನ್ನಲಿಲ್ಲ. ತಂಡ ಪ್ರಕಟವಾಗಲಿ, ಆಮೇಲೆ ಹೇಳುತ್ತೇನೆ ಎಂದರು. ಈ ಇಡೀ ಪ್ರಕರಣದಲ್ಲಿ ಅಧಿಕಾರ ಅತಿ ಕಡಿಮೆ ಇದ್ದವರು ಅವರು. ತಮ್ಮ ನಿರ್ಧಾರ ಏನು ಎಂದು ಸ್ಪಷ್ಟವಾಗಿ ಗೊತ್ತಿದ್ದವರೂ ಹೆಚ್ಚುಕಡಿಮೆ ಅವರೊಬ್ಬರೇ.

ಓವಲ್‌ನ ಐದು ದಿನ

ಆಗಸ್ಟ್ 22ಕ್ಕೆ ಓವಲ್‌ನಲ್ಲಿ ಸರಣಿಯ ಕೊನೆಯ ಟೆಸ್ಟ್. ಮೊದಲ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಬೌಲರ್‌ಗಳಿಗೆ ಪೆಟ್ಟಾಗಿದೆ ಎಂದು ಮೀಸಲಿಗೆ ಕರೆದರು. ಅಷ್ಟರಲ್ಲಿ ಆರಂಭಿಕ ಬ್ಯಾಟ್ಸ್‌ಮನ್ ಒಬ್ಬರಿಗೆ ಎದೆಯ ಸೋಂಕು ಬಂತು. ಜಾಗ ಸಿಕ್ಕಿತು. 31 ರನ್ ಇದ್ದಾಗ ವಿಕೆಟ್ ಕೀಪರ್ ಕ್ಯಾಚ್ ಬಿಟ್ಟರು. ಅಲ್ಲಿಂದ 158. ಶತಕ ತಲುಪುವ ಹೊತ್ತಿಗೆ ಅಂಪೈರ್ ಮೆಲ್ಲಗೆ, ಚೆನ್ನಾಗಿ ಆಡಿದೆ, ಆದರೆ ಈಗ ಎಷ್ಟು ಜನರಿಗೆ ತಲೆನೋವು ತರುತ್ತೀಯೋ ಎಂಬರ್ಥದ ಮಾತಾಡಿದರಂತೆ. ಮೈದಾನದ ಮಧ್ಯೆ ನಿಂತ ಅಂಪೈರಿಗೂ ಗೊತ್ತಿತ್ತು. ಆಟ ಬೇರೆ ರಾಜಕೀಯ ಬೇರೆ ಎನ್ನುವವರು ಈ ಒಂದು ಕ್ಷಣವನ್ನು ಸ್ವಲ್ಪ ನೋಡಬೇಕು.

ಕೊನೆಯ ದಿನ ಮಳೆ ಸುರಿದು ಮೈದಾನ ಕೆರೆಯಾಯಿತು. ನೋಡಲು ಬಂದ ಜನರೇ ಇಳಿದು ಬಟ್ಟೆ, ಗೋಣಿ ಸಿಕ್ಕಿದ್ದರಲ್ಲಿ ನೀರು ಹೀರಿ ತೆಗೆದರು. ಜಗ್ಗದೆ ನಿಂತಿದ್ದ ಜೊತೆಯಾಟ ಮುರಿದವರು ಇದೇ ಆಟಗಾರ, ತಮ್ಮ ಸಾಧಾರಣ ಮಧ್ಯಮ ವೇಗದ ಬೌಲಿಂಗ್‌ನಲ್ಲಿ. ಆಮೇಲೆ ಅಂಡರ್‌ವುಡ್ ಉಳಿದವರನ್ನು ಗುಡಿಸಿದರು. ಐದಾರು ನಿಮಿಷ ಬಾಕಿ ಇದ್ದಾಗ ಇಂಗ್ಲೆಂಡ್ ಗೆದ್ದಿತು, ಸರಣಿ 1-1.

ಅದೇ ರಾತ್ರಿ ಎಂಟಕ್ಕೆ ಆಯ್ಕೆ ಸಭೆ ಶುರುವಾಯಿತು. ಮುಗಿದದ್ದು ನಡುರಾತ್ರಿ ಎರಡಕ್ಕೆ. ಹದಿನಾರು ಹೆಸರು ಬರೆಯಲು ಆರು ಗಂಟೆ. ಯಾರು ಏನಂದರು ಎಂಬ ಬಗ್ಗೆ ಆಮೇಲೆ ಒಬ್ಬೊಬ್ಬರ ನೆನಪು ಒಂದೊಂದು ಥರ. ಹಿಂದಿನ ವರ್ಷದವರೆಗೂ ಆಟಗಾರನ ಕೌಂಟಿ ನಾಯಕರಾಗಿದ್ದವರೇ ಆಯ್ಕೆಗಾರರಲ್ಲಿ ಒಬ್ಬರಾಗಿದ್ದರು. ಟೆಸ್ಟ್ ನಾಯಕರು ಕೆಲವೇ ದಿನ ಮುಂಚೆ ಆ ಆಟಗಾರನ ಜೊತೆಗೇ ಮಾತಾಡಿ, ನೀನು ಬರಬೇಕು ಎಂಬ ಭರವಸೆ ಹುಟ್ಟಿಸಿದ್ದರು. ಮಾರನೇ ದಿನ ನೋಡಿದರೆ ಪಟ್ಟಿಯಲ್ಲಿ ಹೆಸರಿಲ್ಲ. ಅವರನ್ನು ಬ್ಯಾಟ್ಸ್‌ಮನ್ ಆಗಿ ಮಾತ್ರ ಪರಿಗಣಿಸಿದೆವು, ಆಲ್‌ರೌಂಡರ್ ಆಗಿ ಅಲ್ಲ, ಅವರಿಗಿಂತ ಒಳ್ಳೆಯ ಬ್ಯಾಟ್ಸ್‌ಮನ್‌ಗಳಿದ್ದಾರೆ ಎಂದು ವಿವರಣೆ ಬಂತು.

ಕೌಂಟಿ ಪಂದ್ಯದ ನಡುವೆ ಡ್ರೆಸ್ಸಿಂಗ್ ರೂಮಿನ ರೇಡಿಯೊದಲ್ಲಿ ಅವರು ಇದನ್ನು ಕೇಳಿದರು. ಜೊತೆಗಾರರೊಬ್ಬರು ಪಕ್ಕದ ಕೋಣೆಗೆ ಕರೆದೊಯ್ದರು. ಅಲ್ಲಿ ಅತ್ತುಬಿಟ್ಟರು. ಆ ದಿನ ಅವರ ಬ್ಯಾಟಿನಿಂದ ಬಂದದ್ದು 128.

ಫಲಿತಾಂಶ

ಸೆಪ್ಟೆಂಬರ್ 16ರಂದು ಆಯ್ಕೆಯಾಗಿದ್ದ ಬೌಲರ್ ಒಬ್ಬರು ಭುಜದ ನೋವೆಂದು ಹಿಂದೆ ಸರಿದರು. ಆ ಪ್ರವಾಸಕ್ಕೆ ಹೋಗಲು ಮನಸ್ಸೂ ಒಪ್ಪುತ್ತಿರಲಿಲ್ಲ ಎಂದು ಅವರು ಆಮೇಲೆ ಹೇಳಿಕೊಂಡರು. ಅವರ ಜಾಗಕ್ಕೆ ಕೇಪ್‌ನ ಆಟಗಾರನನ್ನು ಸೇರಿಸಿದರು. ಮೂರು ವಾರದ ಹಿಂದೆ 'ಬರೀ ಬ್ಯಾಟ್ಸ್‌ಮನ್' ಆಗಿದ್ದವರು ಈಗ ಬೌಲರ್ ಜಾಗಕ್ಕೆ! ಆ ನಡುವೆ ಎಂಸಿಸಿ ಸದಸ್ಯರು ರಾಜೀನಾಮೆ ಕೊಟ್ಟಿದ್ದರು, ಪತ್ರಿಕೆಗಳು ಹರಿಹಾಯ್ದಿದ್ದವು. ಮೊದಲ ಆಯ್ಕೆ ಬರೀ ಆಟ ನೋಡಿ ಮಾಡಿದ್ದು ಎಂದು ವಾದಕ್ಕೆ ಒಪ್ಪಿಕೊಂಡರೂ ಎರಡನೆಯದನ್ನು ಹಾಗೆನ್ನಲು ಕಷ್ಟ. ತಪ್ಪನ್ನು ತಿದ್ದಿದರು, ಆದರೆ ತಿದ್ದಿದ ರೀತಿಯಿಂದಲೇ ಹಳೆಯ ವಿವರಣೆಯನ್ನು ತಾವೇ ಹರಿದುಹಾಕಿದರು.

ಮಾರನೇ ದಿನ, 17ರಂದು, ಬ್ಲೂಮ್‌ಫಾಂಟೇನ್‌ನಲ್ಲಿ ಪಕ್ಷದ ಸಭೆಯಲ್ಲಿ ಫೋರ್ಸ್ಟರ್ ಗುಡುಗಿದರು. ಇದು ಎಂಸಿಸಿ ಆರಿಸಿದ ತಂಡವಲ್ಲ, ವರ್ಣಭೇದ ವಿರೋಧಿ ಚಳವಳಿಯವರ ತಂಡ, ಇದನ್ನು ಒಳಗೆ ಬಿಡುವುದಿಲ್ಲ. ಮೊದಲೇ ಬಿಟ್ಟು ಆಮೇಲೆ ಸೇರಿಸಿದ್ದೇ ಅವರಿಗೆ ಈ ಅಸ್ತ್ರ ಕೊಟ್ಟಿತು. ಆಗಸ್ಟ್ 28ರಂದೇ ಆರಿಸಿದ್ದರೆ ಹೀಗೆನ್ನಲು ಅವರಿಗೆ ಬಾಯಿ ಇರುತ್ತಿರಲಿಲ್ಲ. ಪ್ರವಾಸ ಆಗಲೂ ನಿಲ್ಲುತ್ತಿತ್ತು, ಆದರೆ ಎಂಸಿಸಿ ಮುಖ ಎತ್ತಿ ನಿಲ್ಲಬಹುದಿತ್ತು. ಸೆಪ್ಟೆಂಬರ್ 24ಕ್ಕೆ ಎಂಸಿಸಿ ಪ್ರವಾಸ ರದ್ದು ಮಾಡಿತು. ಆ ಪತ್ರ ಮತ್ತು 4,000 ಪೌಂಡಿನ ಆಮಿಷ ಹೊರಗೆ ಬಂದದ್ದು 1969ರ ಏಪ್ರಿಲ್‌ನಲ್ಲಿ.

ದಕ್ಷಿಣ ಆಫ್ರಿಕಾದ ಬದಲು ಇಂಗ್ಲೆಂಡ್ ಹೋದದ್ದು ಸಿಲೋನ್ ಮತ್ತು ಪಾಕಿಸ್ತಾನಕ್ಕೆ. ಪಾಕಿಸ್ತಾನ ಆಗ ಗಲಭೆಯಲ್ಲಿ ಉರಿಯುತ್ತಿತ್ತು. ಢಾಕಾದ ಟೆಸ್ಟ್‌ನಲ್ಲಿ ಕೇಪ್‌ನ ಆಟಗಾರ ಔಟಾಗದೆ 114 ಹೊಡೆದರು. ಕರಾಚಿಯ ಟೆಸ್ಟ್ ಗಲಾಟೆಯಿಂದ ಅರ್ಧಕ್ಕೇ ನಿಂತಿತು. ಒಂದು ಒಡೆದ ದೇಶಕ್ಕೆ ಹೋಗಲಾಗದೆ ಒಡೆಯುತ್ತಿದ್ದ ಇನ್ನೊಂದಕ್ಕೆ ಹೋದ ಹಾಗಾಯಿತು.

ವಿಚಿತ್ರವೆಂದರೆ ಇಷ್ಟೆಲ್ಲ ಆದ ಮೇಲೂ ಇಂಗ್ಲೆಂಡಿನ ಆಡಳಿತಗಾರರು 1970ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿ ತಂಡವನ್ನು ತಮ್ಮ ಊರಿಗೆ ಕರೆದರು. ಆದರೆ ಈ ಸಲ ಪ್ರಶ್ನೆ ಸಮಿತಿ ಕೋಣೆಯೊಳಗೆ ಇರಲಿಲ್ಲ, ಬೀದಿಯಲ್ಲಿತ್ತು. ಪೀಟರ್ ಹೇನ್ ಎಂಬ ವಿದ್ಯಾರ್ಥಿ ಮುಂದೆ ನಿಂತ ಚಳವಳಿ ದಕ್ಷಿಣ ಆಫ್ರಿಕಾ ರಗ್ಬಿ ತಂಡದ ಪ್ರವಾಸವನ್ನು ಆಗಲೇ ಗೋಳುಹೊಯ್ದುಕೊಂಡಿತ್ತು. ಲಾರ್ಡ್ಸ್ ಮೈದಾನಕ್ಕೆ ಮುಳ್ಳುತಂತಿ ಸುತ್ತಬೇಕಾಯಿತು. ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಬಹಿಷ್ಕರಿಸುವುದಾಗಿ ಆಫ್ರಿಕಾದ ದೇಶಗಳು ಎಚ್ಚರಿಸಿದವು. ಕೊನೆಗೆ ಗೃಹ ಸಚಿವ ಜೇಮ್ಸ್ ಕ್ಯಾಲಹನ್ ಕೇಳಿಕೊಂಡ ಮೇಲೆ, ಮೇ 22ರಂದು ಪ್ರವಾಸ ರದ್ದಾಯಿತು. ಮುಂದಿನ ವರ್ಷ ಬ್ರಾಡ್‌ಮನ್ ಅಧ್ಯಕ್ಷರಾಗಿದ್ದ ಆಸ್ಟ್ರೇಲಿಯಾ ಮಂಡಳಿಯೂ ಬಾಗಿಲು ಹಾಕಿತು. 1970ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾವನ್ನು 4-0 ಸೋಲಿಸಿದ್ದ ದಕ್ಷಿಣ ಆಫ್ರಿಕಾ ತಂಡಕ್ಕೆ ಮತ್ತೆ ಟೆಸ್ಟ್ ಸಿಕ್ಕಿದ್ದು 1992ರಲ್ಲಿ. ಅದಕ್ಕೂ ಮುಂಚೆ, 1991ರ ನವೆಂಬರ್ 10ರಂದು, ಮರಳಿ ಬಂದ ಮೊದಲ ಪಂದ್ಯ ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ಅಲ್ಲಿಯವರೆಗೆ ಆ ದೇಶ ಭಾರತದ ಜೊತೆ ಒಂದೇ ಒಂದು ಕ್ರಿಕೆಟ್ ಪಂದ್ಯ ಆಡಿರಲಿಲ್ಲ. ಭಾರತವೂ ಬಿಗಿಯಾಗಿಯೇ ಇತ್ತು. 1974ರಲ್ಲಿ ಟೆನಿಸ್‌ನ ಡೇವಿಸ್ ಕಪ್ ಫೈನಲ್ ತಲುಪಿ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಕಪ್ಪನ್ನೇ ಬಿಟ್ಟುಕೊಟ್ಟಿತು.

ದಕ್ಷಿಣ ಆಫ್ರಿಕಾದ ಒಳಗೂ ಅಲುಗಾಟ ಶುರುವಾಯಿತು. 1971ರ ಏಪ್ರಿಲ್‌ನಲ್ಲಿ ನ್ಯೂಲ್ಯಾಂಡ್ಸ್‌ನಲ್ಲಿ ಬಿಳಿ ಆಟಗಾರರೇ ಪಂದ್ಯದ ಮೊದಲ ಎಸೆತದ ನಂತರ ಹೊರನಡೆದರು, ಯೋಗ್ಯತೆ ನೋಡಿ ಆರಿಸಿ ಎಂದು. ಆದರೆ ಬಿಳಿಯರಲ್ಲದವರ ಮಂಡಳಿಗೆ ಆ ಮಾತು ಸಾಕಾಗಲಿಲ್ಲ. ಬೇರೆ ಶಾಲೆ, ಬೇರೆ ಬೀದಿ, ಬೇರೆ ಬಸ್ಸು ಇರುವಲ್ಲಿ ಮೈದಾನವೊಂದೇ ಸರಿಯಾದರೆ ಏನು ಬಂತು? ಆ ಮಂಡಳಿಯ ಮುಖ್ಯಸ್ಥ ಹಸನ್ ಹೋವಾ ಮುಂದಿಟ್ಟ ಘೋಷಣೆ ಇದೇ ಅರ್ಥದ್ದು: ಸಹಜವಲ್ಲದ ಸಮಾಜದಲ್ಲಿ ಸಹಜವಾದ ಆಟ ಇರಲಾರದು.

ಪ್ರಕರಣವನ್ನು ಮತ್ತೆ ತಿರುವಿ ನೋಡಿದಾಗ

ಇದನ್ನು ಹೇಳುವಾಗ ಎಲ್ಲರೂ ಬೆರಳು ತೋರಿಸುವುದು ಆಗಸ್ಟ್ 27ರ ರಾತ್ರಿಗೆ. ನನಗೆ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಕೇಳಿದ ಪ್ರಶ್ನೆಯನ್ನು ವಾಪಸ್ ತೆಗೆದುಕೊಂಡದ್ದು, ಬಂದ ಉತ್ತರವನ್ನು ಖಾಸಗಿ ಎಂದು ಮಡಿಸಿಟ್ಟದ್ದು. ಅದಾದ ಮೇಲೆ ಆ ರಾತ್ರಿ ಯಾರು ಎಷ್ಟೇ ಪ್ರಾಮಾಣಿಕವಾಗಿ ಆಟ ನೋಡಿದರೂ ಅದನ್ನು ನಂಬಿಸುವ ದಾರಿ ಉಳಿದಿರಲಿಲ್ಲ. ಆಯ್ಕೆಗಾರರಲ್ಲಿ ಏನೂ ಗೊತ್ತಿಲ್ಲದವರು ಇದ್ದರು. ಅವರ ಹೆಸರಿಗೂ ಮಸಿ ಹತ್ತಿತು. ಪತ್ರವನ್ನು ಮುಚ್ಚಿಟ್ಟವರು ಕಾಪಾಡಲು ಹೊರಟದ್ದು ಇವರನ್ನೇ ಅಲ್ವಾ?

ಇನ್ನೊಂದು ಮಾತು, ಮೈಗಳ ಬಗ್ಗೆ. ಒಬ್ಬರ ಎದೆ ಸೋಂಕು, ಕೀಪರ್ ಬಿಟ್ಟ ಒಂದು ಕ್ಯಾಚ್, ಇನ್ನೊಬ್ಬರ ಭುಜ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸಮಿತಿಯ ಲೆಕ್ಕಾಚಾರ ಸದ್ದಿಲ್ಲದೆ ಫಲಿಸುತ್ತಿತ್ತು. ಬಿಳಿಯರ ತಂಡವೊಂದು ಹೋಗಿ ಆಡಿ ಬರುತ್ತಿತ್ತು, ಯಾರನ್ನೂ ಯಾರೂ ಬೇಡವೆಂದಿಲ್ಲ ಎಂದು ಎರಡೂ ಸರ್ಕಾರಗಳು ಹೇಳುತ್ತಿದ್ದವು. ಹಾಗೆ ಫಲಿಸಿದ ಎಷ್ಟು ಪಟ್ಟಿಗಳು ಎಷ್ಟು ದೇಶಗಳಲ್ಲಿ ಹೊರಬಿದ್ದಿವೆಯೋ, ಅವುಗಳ ಅಧ್ಯಯನ ಯಾರೂ ಬರೆಯುವುದಿಲ್ಲ.

ಆಟಗಾರ ಚಳವಳಿಗಾರರಾಗಲಿಲ್ಲ. ಬಹಿರಂಗವಾಗಿ ಯಾರನ್ನೂ ಬೈಯಲಿಲ್ಲ. ಕೆಲವರಿಗೆ ಅದು ಸಾಲದೆನಿಸಿತು. 1972ರವರೆಗೆ ಇಂಗ್ಲೆಂಡ್‌ಗೆ ಆಡಿದರು, ಒಟ್ಟು 44 ಟೆಸ್ಟ್.

ಹಾಂ, ಒಂದು ಸುಳ್ಳನ್ನು ಅವರೂ ಹೇಳಿದ್ದರು. ಇಂಗ್ಲೆಂಡಿಗೆ ಬಂದಾಗ ವಯಸ್ಸನ್ನು ಕೆಲವು ವರ್ಷ ಕಡಿಮೆ ಮಾಡಿ ಬರೆಸಿದ್ದರು. ಹುಟ್ಟಿದ್ದು 1931ರಲ್ಲಿ. ಅಂದರೆ ಮೊದಲ ಟೆಸ್ಟ್ ಆಡುವಾಗಲೇ 34, ಓವಲ್‌ನಲ್ಲಿ 36. ನಿಜ ಹೇಳಿದ್ದರೆ ಯಾವ ಕೌಂಟಿಯೂ ಕರೆಯುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಸತ್ಯ ಒಪ್ಪಿಕೊಂಡದ್ದು ಆಟವೆಲ್ಲ ಮುಗಿದ ಮೇಲೆ. ಕಡಿಮೆ ಮಾಡಿದ ಆ ವರ್ಷಗಳನ್ನು ಅವರು ಕಳೆದದ್ದು ಕೇಪ್ ಟೌನಿನಲ್ಲಿ, ಕಲ್ಲು ಹೆಕ್ಕಿದ ನೆಲದ ಮೇಲೆ ಮ್ಯಾಟ್ ಹಾಸಿಕೊಂಡು.